ಹಾರ್ಮೋನ್ ರಿಪೋರ್ಟು ಮತ್ತು ತೋಟದ ಕೊಳೆರೋಗ

ಕಳೆದ ಸುಗ್ಗಿಯಲ್ಲಿ ತೀರ್ಥಹಳ್ಳಿ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ರಾತ್ರಿ ಎಂಟರ ಹೊತ್ತು. ಅಂಗಳದ ಚಪ್ಪರದಡಿ ಆರೇಳು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಡಬ್ಬಕ್ಕೆ ಇಷ್ಟು ಅಂತ ಲೆಕ್ಕ, ಹಾಗಾಗಿ ಬಾಯಿ ಎಷ್ಟೇ ಓಡಿದರೂ ಕೈ ನಿಲ್ಲುವುದಿಲ್ಲ. ಚಿಕ್ಕಮ್ಮ ಮಾತ್ರ ನಡುವೆ ಎದ್ದು ಬಂದು, ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿ, ಫೋನು ನನ್ನ ಮುಂದೆ ಹಿಡಿದರು.

"ಇದನ್ನೊಂಚೂರು ನೋಡು. ಎರಡು ದಿನದಿಂದ ನಂಗೆ ಊಟ ಸೇರ್ತಿಲ್ಲ."

ಶಿವಮೊಗ್ಗದ ಒಂದು ಲ್ಯಾಬಿನ ರಿಪೋರ್ಟು. ಹೆಂಗಸರಿಗೆ ಅಂತಲೇ ಇರುವ ಪ್ಯಾಕೇಜಂತೆ. ಸಕ್ಕರೆ, ಥೈರಾಯ್ಡ್, ವಿಟಮಿನ್ನು ಎಲ್ಲ ಆದ ಮೇಲೆ ಎಸ್ಟ್ರಾಡಯಾಲ್ (ಹೆಂಗಸರ ಹಾರ್ಮೋನಾದ ಈಸ್ಟ್ರೋಜನ್ನಿನ ಮುಖ್ಯ ರೂಪ) ಅಂತ ಒಂದು ಸಾಲು. ಅದರ ಮುಂದೆ ದಪ್ಪಕ್ಷರದಲ್ಲಿ 212. ಕೆಳಗೆ ಎಷ್ಟಿರಬೇಕು ಅನ್ನುವ ಪಟ್ಟಿ, ನಾಲ್ಕು ಸಾಲು. ಚಿಕ್ಕಮ್ಮ ನೋಡಿದ್ದು ಕೊನೆಯ ಸಾಲನ್ನು. ಮುಟ್ಟು ನಿಂತವರಿಗೆ 40ರ ಒಳಗಿರಬೇಕು ಅಂತ ಅಲ್ಲಿ ಬರೆದಿತ್ತು. ಅವರಿಗೀಗ 47. ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ. ಹಾಗಾಗಿ ನಿಂತೇ ಹೋಯಿತು ಅಂತ ತಾವೇ ತೀರ್ಮಾನ ಮಾಡಿಕೊಂಡಿದ್ದರು. 40 ಇರಬೇಕಾದ ಕಡೆ 212!

ಇದರ ಹಿಂದೆ ಇನ್ನೊಂದು ಕಥೆ ಇತ್ತು. ಕೊಪ್ಪದ ಕಡೆಗೆ ಮದುವೆಯಾಗಿ ಹೋದ ಅವರ ಶಾಲೆಯ ಗೆಳತಿಗೆ ಅದೇ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. 'ಇದು ಹಾರ್ಮೋನ್ ಪಾಸಿಟಿವ್' ಅಂತ ಡಾಕ್ಟರು ಹೇಳಿದ್ದರಂತೆ. ಚಿಕ್ಕಮ್ಮ ಎರಡನ್ನೂ ಸೇರಿಸಿ ಗಂಟು ಹಾಕಿದ್ದರು: "ಅವಳಿಗೆ ಹಾರ್ಮೋನ್ ಪಾಸಿಟಿವ್, ನಂಗೆ ಹಾರ್ಮೋನ್ ಜಾಸ್ತಿ. ಅಂದ್ರೆ ನಂಗೂ ಬಂದ ಹಾಗೇ ಅಲ್ವಾ?"

ಅಲ್ಲ. ಆದರೆ ಅವರ ಹೆದರಿಕೆ ಪೂರಾ ಸುಮ್ನೆಯೂ ಅಲ್ಲ. ರಕ್ತದ ಹಾರ್ಮೋನಿಗೂ ಸ್ತನ ಕ್ಯಾನ್ಸರಿಗೂ ನಂಟು ಇರುವುದು ನಿಜ. ಆ ನಂಟು ಎಂಥದ್ದು, ಒಬ್ಬ ಹೆಂಗಸಿನ ಒಂದು ದಿನದ ರಿಪೋರ್ಟು ಅದರಲ್ಲಿ ಎಷ್ಟನ್ನು ಹೇಳುತ್ತೆ ಅನ್ನುವಲ್ಲೇ ಎಡವಟ್ಟಾಗುವುದು.

ಈ ನಂಟು ಮೊದಲು ಕಣ್ಣಿಗೆ ಬಿದ್ದದ್ದರಲ್ಲಿ ದನಗಳ ಪಾಲೂ ಇದೆ ಅಂದರೆ ನಮ್ಮ ಕಡೆಯವರಿಗೆ ಖುಷಿಯಾಗಬಹುದು. ಸ್ಕಾಟ್ಲೆಂಡಿನ ಸರ್ಜನ್ ಜಾರ್ಜ್ ಬೀಟ್ಸನ್ ಅವರಿಗೆ ಹಾಲು ಹೇಗೆ ಉತ್ಪತ್ತಿಯಾಗುತ್ತೆ ಅನ್ನುವುದರಲ್ಲಿ ಆಸಕ್ತಿ. ಕೆಲವು ದೇಶಗಳಲ್ಲಿ ಕರು ಹಾಕಿದ ಹಸುವಿನ ಅಂಡಾಶಯ ತೆಗೆದು, ಹಾಲು ಬತ್ತದ ಹಾಗೆ ಮಾಡುತ್ತಾರೆ ಅಂತ ಅವರಿಗೆ ತಿಳಿಯಿತು. ಹೊಟ್ಟೆಯೊಳಗಿನ ಅಂಡಾಶಯ ಕೆಚ್ಚಲನ್ನು ಆಳುತ್ತೆ ಅಂದರೆ, ಹೆಂಗಸರ ಎದೆಯ ಗೆಡ್ಡೆಯನ್ನೂ ಆಳುತ್ತಿರಬಹುದಲ್ಲ? 1895ರಲ್ಲಿ, ಕೈಬಿಟ್ಟ ಸ್ಥಿತಿಯಲ್ಲಿದ್ದ ಒಬ್ಬ ರೋಗಿಯ ಅಂಡಾಶಯ ತೆಗೆದರು. ಗೆಡ್ಡೆ ಕರಗುತ್ತಾ ಬಂತು. 1896ರಲ್ಲಿ ಅದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಗಿನ್ನೂ ಹಾರ್ಮೋನ್ ಅನ್ನುವ ಪದವೇ ಹುಟ್ಟಿರಲಿಲ್ಲ, ಅದು ಬಂದದ್ದು 1905ರಲ್ಲಿ.

ಆಮೇಲೆ ಗೊತ್ತಾದದ್ದು ಇಷ್ಟು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ರಕ್ತದಲ್ಲಿ ಹರಿದು ಸ್ತನದ ಜೀವಕೋಶಗಳನ್ನು ತಲುಪುತ್ತೆ. ಆ ಕೋಶಗಳೊಳಗೆ ಈಸ್ಟ್ರೋಜನ್ ಬಂದು ಕೂರುವ ಗ್ರಾಹಿಗಳಿವೆ. ಅದು ಕೂತ ಕೂಡಲೇ ಕೋಶಕ್ಕೆ 'ಒಡೆದು ಎರಡಾಗು' ಅಂತ ಅಪ್ಪಣೆ ಸಿಕ್ಕ ಹಾಗೆ. ಕೋಶ ಒಡೆದಷ್ಟೂ ಸಲ ಅದರ ಒಳಗಿನ ಬರಹ ನಕಲಾಗಬೇಕು. ನಕಲು ಮಾಡಿದಷ್ಟೂ ತಪ್ಪಿಗೆ ಅವಕಾಶ ಜಾಸ್ತಿ. ಅಂಥ ತಪ್ಪುಗಳು ವರ್ಷಗಟ್ಟಲೆ ಕೂಡುತ್ತಾ ಹೋಗಿ, ಎಲ್ಲೋ ಒಂದು ಕೋಶ ಹಿಡಿತ ತಪ್ಪುತ್ತೆ. ಈಸ್ಟ್ರೋಜನ್ ವಿಷವೇನಲ್ಲ. ಮೂಳೆಗೆ, ರಕ್ತನಾಳಕ್ಕೆ ಅದು ಬೇಕೇ ಬೇಕು.

ಈಗ ಕೊಪ್ಪದ ಗೆಳತಿಯ 'ಹಾರ್ಮೋನ್ ಪಾಸಿಟಿವ್' ವಿಷಯ. ಈ ಮಾತು ಎಷ್ಟು ಜನರನ್ನು ದಾರಿ ತಪ್ಪಿಸುತ್ತೆ ಅಂದರೆ, ಡಾಕ್ಟರುಗಳು ಬೇರೆ ಪದ ಹುಡುಕಿದರೆ ಒಳ್ಳೆಯದು ಅನ್ನಿಸುತ್ತೆ. ಅದು ರಕ್ತ ನೋಡಿ ಹೇಳುವುದಲ್ಲ. ಗಂಟಿನಿಂದ ತೆಗೆದ ಚೂರನ್ನು ಪರೀಕ್ಷೆ ಮಾಡಿ, ಅದರ ಕೋಶಗಳಲ್ಲಿ ಆ ಗ್ರಾಹಿಗಳು ಇವೆಯಾ ಇಲ್ಲವಾ ಅಂತ ಹೇಳುವುದು. ಇದ್ದರೆ ಪಾಸಿಟಿವ್. ಹಾಗಿದ್ದರೆ ಅದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿಯೇ. ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುವ ಟಮಾಕ್ಸಿಫೆನ್ ಅನ್ನುವ ಮಾತ್ರೆ ಇದೆ, ಬೆಲೆಯೂ ಕೈಗೆಟುಕುವಂಥದ್ದು. ಇಂಥ ಕ್ಯಾನ್ಸರ್ ಇರುವವರು ಐದು ವರ್ಷ ಬಿಡದೆ ನುಂಗಿದರೆ ಆ ಕಾಯಿಲೆಯಿಂದ ಸಾಯುವವರ ಸಂಖ್ಯೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಡಿಮೆಯಾಗುತ್ತೆ. ಗೆಳತಿಯ ರಕ್ತದಲ್ಲಿ ಹಾರ್ಮೋನ್ ಎಷ್ಟಿತ್ತು ಅಂತ ಆ ರಿಪೋರ್ಟಿನಲ್ಲಿ ಒಂದಕ್ಷರವೂ ಇರುವುದಿಲ್ಲ.

ಹಾಗಾದರೆ ರಕ್ತದ ಮಟ್ಟದ ಬಗ್ಗೆ ಯಾರೂ ಅಳೆದು ನೋಡಿಲ್ಲವಾ? ನೋಡಿದ್ದಾರೆ, ಚೆನ್ನಾಗಿಯೇ ನೋಡಿದ್ದಾರೆ. 2002ರಲ್ಲಿ ಒಂಬತ್ತು ಅಧ್ಯಯನಗಳ ಲೆಕ್ಕವನ್ನು ಒಟ್ಟು ಸೇರಿಸಿದ ಒಂದು ವರದಿ ಬಂತು. ಎಲ್ಲರೂ ಮುಟ್ಟು ನಿಂತ ಹೆಂಗಸರು. ಆರೋಗ್ಯವಾಗಿದ್ದಾಗಲೇ ರಕ್ತ ತೆಗೆದಿಟ್ಟು, ಆಮೇಲೆ ಯಾರಿಗೆ ಕ್ಯಾನ್ಸರ್ ಬಂತು ಅಂತ ವರ್ಷಗಟ್ಟಲೆ ಕಾದು ನೋಡಿದ್ದರು. ಕಾಯಿಲೆ ಬಂದ 663 ಜನರನ್ನು, ಬಾರದ 1,765 ಜನರ ಜೊತೆ ಹೋಲಿಸಿದರು. ಎಸ್ಟ್ರಾಡಯಾಲ್ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಐದು ಪಾಲು ಮಾಡಿದರೆ, ಎಲ್ಲರಿಗಿಂತ ಮೇಲಿನ ಪಾಲಿನವರಿಗೆ ಎಲ್ಲರಿಗಿಂತ ಕೆಳಗಿನ ಪಾಲಿನವರ ಎರಡು ಪಟ್ಟು ಅಪಾಯ. ಗಂಡಸರ ಹಾರ್ಮೋನ್ ಅಂತ ನಾವು ಕರೆಯುವ ಟೆಸ್ಟೋಸ್ಟಿರಾನ್ ಹೆಂಗಸರ ರಕ್ತದಲ್ಲೂ ಸ್ವಲ್ಪ ಇರುತ್ತೆ. ಅದು ಜಾಸ್ತಿ ಇದ್ದವರಲ್ಲೂ ಹೀಗೇ ಕಂಡಿತು.

ಎರಡು ಪಟ್ಟು ಅಂದ ಕೂಡಲೇ ಎದೆ ಝಲ್ಲೆನ್ನುತ್ತೆ. ಎಷ್ಟರ ಎರಡು ಪಟ್ಟು ಅಂತ ಕೇಳಬೇಕು. ನಮ್ಮ ದೇಶದ ಕ್ಯಾನ್ಸರ್ ನೋಂದಣಿಯ 2020ರ ವರದಿ ಪ್ರಕಾರ 74 ವರ್ಷದೊಳಗೆ 29 ಹೆಂಗಸರಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಬರಬಹುದು. ಅಂದರೆ 100ಕ್ಕೆ ಮೂರೂವರೆ. 2002ರ ವರದಿಯದ್ದು ಬಹುಪಾಲು ಪಾಶ್ಚಾತ್ಯ ಹೆಂಗಸರ ಮೇಲಿನ ಲೆಕ್ಕ, ಅದು ಇಲ್ಲಿಗೂ ಹೊಂದುತ್ತೆ ಅಂತ ಇಟ್ಟುಕೊಳ್ಳೋಣ, ಸುಮ್ನೆ ಅಂದಾಜಿಗೆ. ಹಾರ್ಮೋನ್ ಕಡಿಮೆ ಇರುವ 100 ಜನರಲ್ಲಿ ಎರಡು ಮೂರು ಜನಕ್ಕೆ ಬರುತ್ತೆ, ಜಾಸ್ತಿ ಇರುವ 100 ಜನರಲ್ಲಿ ನಾಲ್ಕೈದು ಜನಕ್ಕೆ. ಜಾಸ್ತಿ ಇದ್ದೂ ಕಾಯಿಲೆ ಬಾರದವರು 95 ಮಂದಿ. ಕಡಿಮೆ ಇದ್ದೂ ಬರುವವರು ಇದ್ದೇ ಇದ್ದಾರೆ.

ಇದನ್ನು ಚಿಕ್ಕಮ್ಮನಿಗೆ ಹೇಳುವಾಗ ನನಗೆ ಸಹಾಯಕ್ಕೆ ಬಂದದ್ದು ಕೊಳೆರೋಗ. ಮಳೆ ಜಾಸ್ತಿಯಾದ ವರ್ಷ ಅಡಿಕೆಗೆ ಕೊಳೆ ಜಾಸ್ತಿ. ಇದು ಆಗುಂಬೆಯಿಂದ ಸಾಗರದ ತನಕ ಯಾರನ್ನು ಕೇಳಿದರೂ ಹೇಳುತ್ತಾರೆ. ನೂರು ತೋಟ ಲೆಕ್ಕ ಹಾಕಿದರೆ ಮಳೆಗೂ ಕೊಳೆಗೂ ನಂಟು ಎದ್ದು ಕಾಣುತ್ತೆ. ಆದರೆ ಜುಲೈ ತಿಂಗಳ ಒಂದು ಮಂಗಳವಾರ ನಿಮ್ಮ ಅಂಗಳದಲ್ಲಿ ಎಷ್ಟು ಮಳೆ ಬಿತ್ತು ಅಂತ ಅಳೆದು, ನಿಮ್ಮ ತೋಟದ ಇಂಥಾ ಮರದ ಗೊನೆ ಕೊಳೆಯುತ್ತೆ ಅಂತ ಹೇಳಲು ಆಗುತ್ತಾ? ಅದೇ ಮಳೆಯಲ್ಲಿ ಪಕ್ಕದ ತೋಟ ನೆಟ್ಟಗಿರುತ್ತೆ. ಬಿಸಿಲು ಬೀಳುವುದು, ನೀರು ಬಸಿಯುವುದು, ಔಷಧಿ ಯಾವಾಗ ಹೊಡೆದರು, ಎಲ್ಲ ಸೇರುತ್ತೆ. ರಕ್ತದ ಎಸ್ಟ್ರಾಡಯಾಲ್ ಅಂಥದ್ದೊಂದು ಮಂಗಳವಾರದ ಮಳೆ.

"ಅಂದ್ರೆ ಈ ಟೆಸ್ಟಿಗೆ ಅರ್ಥನೇ ಇಲ್ವಾ?" ಅಂದರು ಚಿಕ್ಕಮ್ಮ. ಬೇರೆ ಕೆಲಸಕ್ಕೆ ಇದೆ. ಮಕ್ಕಳಾಗದವರ ಚಿಕಿತ್ಸೆಯಲ್ಲಿ, ಮುಟ್ಟಿನ ಏರುಪೇರಿನ ಕಾರಣ ಹುಡುಕುವಾಗ ಡಾಕ್ಟರೇ ಬರೆದುಕೊಡುತ್ತಾರೆ. ಕ್ಯಾನ್ಸರ್ ಬರುತ್ತಾ ಅಂತ ನೋಡಲಿಕ್ಕೆ ಇದು ಸಾಧನವಲ್ಲ.

ಅದಕ್ಕೆ ಅಳತೆಯ ಕಷ್ಟವೂ ಸೇರಿಕೊಂಡಿದೆ. ಎಸ್ಟ್ರಾಡಯಾಲನ್ನು ಅಳೆಯುವುದು ಪಿಕೋಗ್ರಾಂನಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಮುಟ್ಟಾಗುವ ಹೆಂಗಸಿಗೆ ಒಂದೇ ತಿಂಗಳಲ್ಲಿ ಇದು ಮೂವತ್ತು ನಲವತ್ತರಿಂದ ಮುನ್ನೂರು ನಾನ್ನೂರರ ತನಕ ಏರಿ ಇಳಿಯುತ್ತೆ. ಯಾವ ದಿನ ರಕ್ತ ಕೊಟ್ಟಿರಿ ಅನ್ನುವುದರ ಮೇಲೆ ಸಂಖ್ಯೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಂತೂ ಇದಕ್ಕೆ ತಾಳವೇ ಇರುವುದಿಲ್ಲ. ಎರಡು ತಿಂಗಳು ಮುಟ್ಟಿಲ್ಲ, ಆಮೇಲೆ ಏಕಾಏಕಿ ಏರುತ್ತೆ. ವೈದ್ಯರ ಲೆಕ್ಕದಲ್ಲಿ ಮುಟ್ಟು ನಿಂತಿತು ಅನ್ನಬೇಕಾದರೆ ಪೂರ್ತಿ ಹನ್ನೆರಡು ತಿಂಗಳು ಆಗದೇ ಇರಬೇಕು. ಚಿಕ್ಕಮ್ಮನ 212 ಆ ವಯಸ್ಸಿಗೆ ಏನೂ ವಿಶೇಷವಲ್ಲ. ನಾನು ಹೊರಡುವ ಮುಂಚೆಯೇ ಅವರಿಗೆ ಮುಟ್ಟಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮುಟ್ಟು ನಿಂತವರಲ್ಲಿ ಕಷ್ಟ ಇನ್ನೊಂದು ತರ. ಅವರಿಗೆ ಮಟ್ಟ ಎಷ್ಟು ಕೆಳಗಿರುತ್ತೆ ಅಂದರೆ, ಮಾಮೂಲಿ ಲ್ಯಾಬಿನ ವಿಧಾನಕ್ಕೆ ಐದಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ. ಅಪಾಯದ ವ್ಯತ್ಯಾಸ ಇರುವುದು ಅಂಥ ಸಣ್ಣ ಅಂತರದಲ್ಲೇ.

ಅಷ್ಟೂ ಹಾರ್ಮೋನು ಕೆಲಸಕ್ಕೆ ಬರುವುದೂ ಇಲ್ಲ. ರಕ್ತದಲ್ಲಿರುವ ಬಹುಪಾಲು ಎಸ್ಟ್ರಾಡಯಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತೆ, ಗೂಟಕ್ಕೆ ಕಟ್ಟಿದ ದನದ ಹಾಗೆ. ಗದ್ದೆ ಮೇಯುವುದು ಬಿಟ್ಟ ದನ ಮಾತ್ರ. 2002ರ ಆ ವರದಿಯಲ್ಲೂ ಹೀಗೆ ಬಿಡಿಯಾಗಿ ಓಡಾಡುವ ಎಸ್ಟ್ರಾಡಯಾಲ್ ನೋಡಿದಾಗ ಅಪಾಯದ ಅಂತರ ಎರಡು ಪಟ್ಟಿನಿಂದ ಎರಡೂವರೆ ಪಟ್ಟಿಗೆ ಏರಿತ್ತು. ಕಟ್ಟಿಹಾಕುವ ಪ್ರೋಟೀನು ಜಾಸ್ತಿ ಇದ್ದವರಿಗೆ ಅಪಾಯ ಕಡಿಮೆ ಇತ್ತು.

ಒಂದು ದಿನದ ಮಟ್ಟಕ್ಕಿಂತ ಒಂದು ಜನ್ಮದ ಲೆಕ್ಕ ಮುಖ್ಯ. ಇಲ್ಲಿ ನಮ್ಮ ಮನೆಯದೇ ಮೂರು ತಲೆಮಾರು ತೆಗೆದುಕೊಳ್ಳಿ. ಅಜ್ಜಿ ಮೈನೆರೆದದ್ದು ಹದಿನೈದಕ್ಕೆ. ಏಳು ಹೆತ್ತರು. ಪ್ರತಿ ಮಗುವಿಗೂ ಒಂಬತ್ತು ತಿಂಗಳು ಬಸುರು, ಆಮೇಲೆ ಹಾಲೂಡಿಸುತ್ತಾ ಒಂದೂವರೆ ವರ್ಷ ಮುಟ್ಟಿಲ್ಲ. ನಲವತ್ತಾರಕ್ಕೆ ನಿಂತಿತು. ಲೆಕ್ಕ ಹಾಕಿದರೆ ಇಡೀ ಜೀವನದಲ್ಲಿ ಸುಮಾರು 200 ಸಲ ಮುಟ್ಟಾಗಿರಬಹುದು. ಚಿಕ್ಕಮ್ಮನ ಮಗಳು ಶಿವಮೊಗ್ಗದಲ್ಲಿ ಬ್ಯಾಂಕಿನಲ್ಲಿದ್ದಾಳೆ. ಹನ್ನೆರಡಕ್ಕೆ ಮೈನೆರೆದಳು. ಮೊದಲ ಮಗು ಆಗಿ ಆರು ತಿಂಗಳಿಗೆ ಮತ್ತೆ ಆಫೀಸು. ಇನ್ನೊಂದು ಮಗು ಆಗಿ ಐವತ್ತಕ್ಕೆ ನಿಂತರೂ 460ರ ಹತ್ತಿರ. ಪ್ರತಿ ಮುಟ್ಟಿಗೂ ಹಾರ್ಮೋನ್ ಏರಿಳಿತ, ಪ್ರತಿ ಏರಿಗೂ ಸ್ತನದ ಕೋಶಗಳು ಒಂದಷ್ಟು ಒಡೆಯುವುದು. ಅಜ್ಜಿಗಿಂತ ಎರಡು ಪಟ್ಟು ಜಾಸ್ತಿ ಸಲ.

ಲೋಕದ ಲೆಕ್ಕವೂ ಇದೇ ಕಡೆ ಬೊಟ್ಟು ಮಾಡುತ್ತೆ. 2012ರಲ್ಲಿ 117 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಒಂದು ವರ್ಷ ಬೇಗ ಮೈನೆರೆದರೆ ಅಪಾಯ ಶೇಕಡಾ 5ರಷ್ಟು ಜಾಸ್ತಿ, ಒಂದು ವರ್ಷ ತಡವಾಗಿ ಮುಟ್ಟು ನಿಂತರೆ ಸುಮಾರು 3ರಷ್ಟು. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಸೇರಿಸಿದಾಗ ಸಿಕ್ಕಿದ್ದು: ಪ್ರತಿ ಹೆರಿಗೆಗೆ ಅಪಾಯ ಶೇಕಡಾ 7 ಕಡಿಮೆ, ಹಾಲೂಡಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಇನ್ನೂ 4.3 ಕಡಿಮೆ. ಕರ್ನಾಟಕದಲ್ಲಿ ಈಗ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಇದು 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ.

ಬಸುರಿನ ವಿಷಯದಲ್ಲಿ ಒಂದು ಒಗಟಿದೆ. ಗರ್ಭಿಣಿಯಾದಾಗ ರಕ್ತದ ಈಸ್ಟ್ರೋಜನ್ ನೂರು ಪಟ್ಟಿಗೂ ಜಾಸ್ತಿ ಏರುತ್ತೆ. ಹಾರ್ಮೋನ್ ಜಾಸ್ತಿ ಅಂದರೆ ಅಪಾಯ ಜಾಸ್ತಿ ಅನ್ನುವುದು ಅಷ್ಟು ಸಲೀಸಾಗಿದ್ದರೆ, ಏಳು ಹೆತ್ತ ಅಜ್ಜಿಗೇ ಎಲ್ಲರಿಗಿಂತ ಮೊದಲು ಕ್ಯಾನ್ಸರ್ ಬರಬೇಕಿತ್ತು. ಹಾಗಾಗುವುದಿಲ್ಲ. ಹೆರಿಗೆಯಾದ ಕೆಲವು ವರ್ಷ ಅಪಾಯ ಸ್ವಲ್ಪ ಏರಿ, ಆಮೇಲೆ ಇಳಿಯುತ್ತಾ ಹೋಗಿ, ಹೆರದವರಿಗಿಂತ ಕೆಳಗೆ ನಿಲ್ಲುತ್ತೆ. ಹಾಲು ಕೊಡುವ ಕೆಲಸಕ್ಕೆ ತಯಾರಾಗುವಾಗ ಸ್ತನದ ಕೋಶಗಳು ಬಲಿಯುತ್ತವೆ. ಬಲಿತ ಕೋಶ ಸುಲಭಕ್ಕೆ ದಾರಿ ತಪ್ಪುವುದಿಲ್ಲ. ಈ ಬಲಿಯುವಿಕೆ ಎಷ್ಟು ಬೇಗ ಆದರೆ ಅಷ್ಟು ರಕ್ಷಣೆ. 1970ರಲ್ಲಿ ಬ್ರಯಾನ್ ಮೆಕ್‌ಮಹಾನ್ ಮತ್ತು ಜೊತೆಗಾರರು ಹಲವು ದೇಶಗಳನ್ನು ನೋಡಿ ಹೇಳಿದ್ದು ಇದನ್ನೇ: ಹದಿನೆಂಟರೊಳಗೆ ಮೊದಲು ಹೆತ್ತವರಿಗೆ, ಮೂವತ್ತೈದು ದಾಟಿ ಹೆತ್ತವರ ಮೂರನೇ ಒಂದು ಪಾಲು ಅಪಾಯ. ಅಂದರೆ ರಕ್ತದಲ್ಲಿ ಎಷ್ಟಿದೆ ಅನ್ನುವುದು ಅರ್ಧ ಕಥೆ. ಯಾವ ವಯಸ್ಸಿನ, ಎಂಥ ಕೋಶಕ್ಕೆ ಅದು ಹೋಗಿ ಮುಟ್ಟಿತು ಅನ್ನುವುದು ಉಳಿದರ್ಧ.

ಇದನ್ನು ಓದಿ 'ನೋಡಿದ್ರಾ, ಹಿಂದಿನವರೇ ಸರಿ' ಅನ್ನುವವರು ಹುಟ್ಟಿಕೊಳ್ಳುತ್ತಾರೆ ಅಂತ ನನಗೆ ಗೊತ್ತು. ಅವರಿಗೊಂದು ಮಾತು. ಅಜ್ಜಿ ಹೆತ್ತ ಏಳರಲ್ಲಿ ಉಳಿದದ್ದು ನಾಲ್ಕು. ಅವರ ತಂಗಿ ಎರಡನೇ ಹೆರಿಗೆಯಲ್ಲಿ ತೀರಿಕೊಂಡರು. ಕ್ಯಾನ್ಸರ್ ಬರುವ ವಯಸ್ಸಿನ ತನಕ ಬದುಕುವುದೇ ಆಗ ಪುಣ್ಯ. ಹದಿನೇಳಕ್ಕೆ ಹೆತ್ತು ಸ್ತನ ಕ್ಯಾನ್ಸರ್ ತಪ್ಪಿಸಿಕೊಳ್ಳಿ ಅಂತ ಯಾವ ವೈದ್ಯರೂ ಹೇಳುವುದಿಲ್ಲ, ಹೇಳಬಾರದು. ಹಾಲೂಡಿಸಲು ಬಿಡುವು, ಆಫೀಸಿನಲ್ಲಿ ಜಾಗ ಕೊಡಿ ಅಂತ ಕೇಳುವುದಾದರೆ ಅದರಲ್ಲಿ ಅರ್ಥವಿದೆ.

ಮುಟ್ಟು ನಿಂತ ಮೇಲೆ ಅಂಡಾಶಯ ಬಾಗಿಲು ಹಾಕಿತು, ಹಾಗಾದರೆ ಈಸ್ಟ್ರೋಜನ್ ಎಲ್ಲಿಂದ ಬರುತ್ತೆ? ಮೈಯ ಕೊಬ್ಬಿನಿಂದ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನನ್ನು ಕೊಬ್ಬಿನೊಳಗಿನ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಬದಲಾಯಿಸುತ್ತೆ. ಕೊಬ್ಬು ಜಾಸ್ತಿಯಾದಷ್ಟೂ ಈ ಕಾರ್ಖಾನೆ ದೊಡ್ಡದು. ಜೊತೆಗೆ ಬೊಜ್ಜು ಬಂದಾಗ, ಹಾರ್ಮೋನನ್ನು ಕಟ್ಟಿಹಾಕುವ ಪ್ರೋಟೀನು ಇಳಿಯುತ್ತೆ. ಅಂದರೆ ದನವೂ ಜಾಸ್ತಿ, ಹಗ್ಗವೂ ಕಡಿಮೆ. ಒಂಬತ್ತು ಅಧ್ಯಯನಗಳನ್ನು ಸೇರಿಸಿದ ಅದೇ ಸಂಶೋಧಕರ ಗುಂಪು 2003ರಲ್ಲಿ ಒಂದು ಚಂದದ ಲೆಕ್ಕ ಮಾಡಿತು. ಮುಟ್ಟು ನಿಂತ ಮೇಲೆ ದಪ್ಪಗಿರುವವರಿಗೆ ಅಪಾಯ ಜಾಸ್ತಿ ಅನ್ನುವುದು ಮೊದಲೇ ಗೊತ್ತಿತ್ತು. ರಕ್ತದ ಬಿಡಿ ಎಸ್ಟ್ರಾಡಯಾಲನ್ನು ಲೆಕ್ಕಕ್ಕೆ ತಂದ ಕೂಡಲೇ, ತೂಕದಿಂದ ಬರುವ ಆ ಹೆಚ್ಚುವರಿ ಅಪಾಯ ಹೆಚ್ಚುಕಡಿಮೆ ಮಾಯವಾಯಿತು. ತೂಕ ತನ್ನ ಕೆಲಸ ಮಾಡುವುದು ಬಹುಪಾಲು ಹಾರ್ಮೋನಿನ ಮೂಲಕವೇ ಅಂತ ಆಯಿತು.

ನಮ್ಮ ಮಲೆನಾಡಿನಲ್ಲಿ ಇದು ಕಣ್ಣೆದುರಿಗೇ ಬದಲಾಗುತ್ತಿದೆ. ಅಜ್ಜಿ ಸೊಪ್ಪಿನ ಬೆಟ್ಟ ಹತ್ತಿ ಹೊರೆ ತರುತ್ತಿದ್ದರು, ಒರಳಲ್ಲಿ ರುಬ್ಬುತ್ತಿದ್ದರು. ಚಿಕ್ಕಮ್ಮನ ಮನೆಯಲ್ಲಿ ಗ್ರೈಂಡರ್ ಇದೆ, ಕೂಗಳತೆ ದೂರದ ಅಂಗಡಿಗೂ ಸ್ಕೂಟಿ. ಸುಲಿಯುವವರು ಸಿಗದೆ ಹೋದರೆ ಮುಂದಿನ ವರ್ಷ ಅಡಿಕೆ ಸುಲಿಯುವ ಮೆಷಿನ್ನೂ ಬರುತ್ತೆ. ಬರಲಿ, ಒರಳಿಗೆ ವಾಪಸು ಹೋಗಿ ಅಂತ ಹೇಳುವಷ್ಟು ನಾನು ಕಲ್ಲುಮನಸ್ಸಿನವಳಲ್ಲ. ಮಲೆನಾಡಿನ ಏರುದಾರಿಯಲ್ಲಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆದರೆ ಅದೇನು ಕಡಿಮೆ ಕೆಲಸವಲ್ಲ. ರಿಪೋರ್ಟಿನ ಸಂಖ್ಯೆಯನ್ನು ನೋಡುತ್ತಾ ಕೂರುವುದಕ್ಕಿಂತ ಅದು ವಾಸಿ.

ಹೊರಗಿನಿಂದ ನುಂಗುವ ಹಾರ್ಮೋನುಗಳ ಬಗ್ಗೆ ಹೆಂಗಸರು ಕೇಳುವುದು ಜಾಸ್ತಿ. ಅಮೆರಿಕದಲ್ಲಿ ಮುಟ್ಟು ನಿಂತ 16,608 ಹೆಂಗಸರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಸುಮಾರು ಅರ್ಧ ಜನಕ್ಕೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಅಪಾಯ ಕಂಡಿದ್ದರಿಂದ 2002ರ ಜುಲೈಯಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ವರ್ಷಕ್ಕೆ 10,000 ಜನರಲ್ಲಿ 30 ಇದ್ದ ಸ್ತನ ಕ್ಯಾನ್ಸರ್ 38ಕ್ಕೆ ಏರಿತ್ತು. ಆದರೆ ಗರ್ಭಕೋಶ ತೆಗೆಸಿಕೊಂಡವರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಏರಲಿಲ್ಲ, ಬದಲಿಗೆ ಇಳಿಯಿತು. ಪಾಪ ಈಸ್ಟ್ರೋಜನ್ ಒಂದರದ್ದೇ ಅಲ್ಲ ಅಂತ ಆಗ ಗೊತ್ತಾಯಿತು.

ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್ ತರಹದ ಗುಳಿಗೆ? ಡೆನ್ಮಾರ್ಕಿನಲ್ಲಿ ಸುಮಾರು 18 ಲಕ್ಷ ಹೆಂಗಸರನ್ನು ನೋಡಿ 2017ರಲ್ಲಿ ಬರೆದ ವರದಿಯಂತೆ, ಹಾರ್ಮೋನಿನ ಗರ್ಭನಿರೋಧಕ ಬಳಸುವ 7,690 ಜನರಲ್ಲಿ ವರ್ಷಕ್ಕೆ ಒಬ್ಬರಿಗೆ ಮಾತ್ರ ಹೆಚ್ಚುವರಿಯಾಗಿ ಕಾಯಿಲೆ. ಅದೇ ಗುಳಿಗೆ ಅಂಡಾಶಯದ ಕ್ಯಾನ್ಸರನ್ನು ಕಡಿಮೆ ಮಾಡುತ್ತೆ ಅನ್ನುವುದೂ ತಕ್ಕಡಿಯಲ್ಲಿರಲಿ. ಸಾಗರದ ಮಾರಿ ಜಾತ್ರೆಗೋ ಮನೆಯ ಮದುವೆಗೋ ಮುಟ್ಟು ಮುಂದೂಡಲು ನಾಲ್ಕೈದು ದಿನ ನುಂಗುವ ಮಾತ್ರೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಈ ಅಧ್ಯಯನಗಳೆಲ್ಲ ತಿಂಗಳು, ವರ್ಷಗಟ್ಟಲೆ ತೆಗೆದುಕೊಂಡವರದ್ದು. ಆದರೂ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಬದಲು ಡಾಕ್ಟರನ್ನು ಒಂದು ಮಾತು ಕೇಳಿ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಒಳ್ಳೆಯದಲ್ಲ.

ಇನ್ನು, 'ಗರ್ಭಕೋಶ ತೆಗೆಸಿಬಿಟ್ಟರೆ ಯಾವ ಕ್ಯಾನ್ಸರಿನ ರಗಳೆಯೂ ಇಲ್ಲ' ಅನ್ನುವ ಮಾತನ್ನು ನಾನು ಬಸ್ ಸ್ಟ್ಯಾಂಡಿನಲ್ಲೂ ಕೇಳಿದ್ದೇನೆ, ಓದಿದವರ ಬಾಯಲ್ಲೂ ಕೇಳಿದ್ದೇನೆ. ಸಿಟ್ಟು ಬರುತ್ತೆ. ಎಸ್ಟ್ರಾಡಯಾಲ್ ಬರುವುದು ಗರ್ಭಕೋಶದಿಂದಲ್ಲ, ಅಂಡಾಶಯದಿಂದ. ಬರೀ ಗರ್ಭಕೋಶ ತೆಗೆದರೆ ಸ್ತನ ಕ್ಯಾನ್ಸರಿಗೆ ಅದು ತಡೆಯೇನೂ ಆಗುವುದಿಲ್ಲ. ಚಿಕ್ಕ ವಯಸ್ಸಿಗೇ ಅಂಡಾಶಯವನ್ನೂ ಸೇರಿಸಿ ತೆಗೆದರೆ ಅಪಾಯ ಇಳಿಯುವುದು ನಿಜ, ಆದರೆ ಮೂಳೆ ಸವೆಯುತ್ತೆ, ಹೃದಯಕ್ಕೆ ಪೆಟ್ಟು. ತಾಯಿಯಿಂದಲೋ ತಂದೆಯಿಂದಲೋ ಬಂದ ದೋಷವಿರುವ ಜೀನ್ ಪತ್ತೆಯಾದ ಕೆಲವರಿಗೆ ವೈದ್ಯರು ಇದನ್ನು ಯೋಚಿಸಿ ಹೇಳುತ್ತಾರೆ. ಉಳಿದವರು ಯಾಕೆ ಕತ್ತರಿಗೆ ಮೈಯೊಡ್ಡಬೇಕು?

ಇಷ್ಟೆಲ್ಲ ಹೇಳಿದರೂ, ಜಾಸ್ತಿ ಬಂದ ರಿಪೋರ್ಟಿಗಿಂತ ನನಗೆ ಹೆದರಿಕೆ 'ನಾರ್ಮಲ್' ಅಂತ ಬಂದ ರಿಪೋರ್ಟಿನದ್ದು. ಜಾಸ್ತಿ ಬಂದವರು ಎರಡು ದಿನ ಊಟ ಬಿಟ್ಟು ಯಾರನ್ನಾದರೂ ಕೇಳುತ್ತಾರೆ. ನಾರ್ಮಲ್ ಬಂದವರು ಸುಮ್ನಾಗುತ್ತಾರೆ. ನಮ್ಮ ದೇಶದಲ್ಲಿ ಯಾವ ಗ್ರಾಹಿಯೂ ಇಲ್ಲದ, 'ಟ್ರಿಪಲ್ ನೆಗೆಟಿವ್' ಅನ್ನುವ ತರಹದ ಸ್ತನ ಕ್ಯಾನ್ಸರಿನ ಪಾಲು ಪಾಶ್ಚಾತ್ಯರಿಗಿಂತ ಜಾಸ್ತಿ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದೋ, ಮೂರರಲ್ಲಿ ಒಂದೋ. ಅದು ಬೆಳೆಯಲು ಈಸ್ಟ್ರೋಜನ್ನಿಗಾಗಿ ಕಾಯುವುದಿಲ್ಲ. ರಕ್ತದ ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಅದು ಬರಬಹುದು. ಚಿಕ್ಕ ವಯಸ್ಸಿನವರಲ್ಲೇ ಜಾಸ್ತಿ.

ಚಿಕ್ಕಮ್ಮನ ಊರಿನಲ್ಲೇ ಒಬ್ಬರಿದ್ದರು. ಎಡಗಡೆ ಸುಲಿದ ಅಡಿಕೆಯಷ್ಟು ಗಂಟು. "ನೋವಿಲ್ಲ ಮಾರಾಯ್ತಿ, ರಕ್ತ ಪರೀಕ್ಷೆಯಲ್ಲೂ ಎಲ್ಲ ಸರಿ ಇದೆ" ಅಂತ ಒಂದು ಮಳೆಗಾಲ ಕಳೆದರು. ಆಮೇಲೆ ನಾಟಿ ಔಷಧಿ, ಪಥ್ಯ. ಗಂಟು ಅಡಿಕೆಯಿಂದ ನಿಂಬೆಹಣ್ಣಾಯಿತು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಹರಡುತ್ತೆ ಅಂತ ಯಾರೋ ಹೇಳಿದ್ದರು, ಅದಕ್ಕೂ ಹೋಗಲಿಲ್ಲ. ಸೂಜಿ ಚುಚ್ಚಿದ್ದಕ್ಕೆ ಅದು ಹರಡುವುದಿಲ್ಲ, ಕಾದಿದ್ದಕ್ಕೆ ಹರಡುತ್ತೆ. ನೋವಿಲ್ಲದ ಗಟ್ಟಿ ಗಂಟೇ ಮೊದಲು ತೋರಿಸಬೇಕಾದ್ದು. ಚರ್ಮ ಒಳಕ್ಕೆ ಎಳೆದ ಹಾಗಾಗುವುದು, ತೊಟ್ಟು ಒಳಗೆ ತಿರುಗುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು ಇವನ್ನೂ ಹಾಗೇ ಬಿಡಬಾರದು.

ಲ್ಯಾಬಿನ ಪ್ಯಾಕೇಜಿಗೆ ಸಾವಿರಗಟ್ಟಲೆ ಕೊಡುವ ನಾವು, ಖರ್ಚಿಲ್ಲದ ಪರೀಕ್ಷೆಯನ್ನು ಬಿಟ್ಟಿದ್ದೇವೆ. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಒಂದು ಪ್ರಯೋಗವಿದೆ. ಕೊಳೆಗೇರಿಗಳ 35ರಿಂದ 64ರ ವಯಸ್ಸಿನ ಒಂದೂವರೆ ಲಕ್ಷ ಹೆಂಗಸರು. ಅರ್ಧ ಜನಕ್ಕೆ ಎರಡು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. ಮೆಷಿನ್ ಇಲ್ಲ, ರಕ್ತ ಇಲ್ಲ. ಇಪ್ಪತ್ತು ವರ್ಷ ಕಾದು 2021ರಲ್ಲಿ ಲೆಕ್ಕ ಕೊಟ್ಟರು. ಕಾಯಿಲೆ ಮುಂಚೆಯೇ ಸಿಕ್ಕಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವಿನಲ್ಲಿ ಖಚಿತವಾಗಿ ಹೇಳುವಷ್ಟು ಇಳಿಕೆ ಇರಲಿಲ್ಲ. 50 ದಾಟಿದವರಲ್ಲಿ ಮಾತ್ರ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30 ಇಳಿದಿತ್ತು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೂ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಬೇಕು ಅಂತ ಇದೆ. ಆದರೆ ಆಗಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 30ರಿಂದ 49ರ ವಯಸ್ಸಿನ 100 ಹೆಂಗಸರಲ್ಲಿ ಒಬ್ಬರೂ ಪೂರ್ತಿಯಾಗಿ ಮಾಡಿಸಿಕೊಂಡಿಲ್ಲ. ಅಂಕಿ 0.9. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ ಅಂತ ಅಂದಾಜು, ಸತ್ತವರು 98 ಸಾವಿರ.

ಯಾಕೆ ಮಾಡಿಸಿಕೊಳ್ಳುವುದಿಲ್ಲ ಅಂದರೆ, ಒಂದು ಕಾರಣ ನಾಚಿಕೆ. ನಮ್ಮಲ್ಲಿ ಆ ಅಂಗದ ಹೆಸರನ್ನೇ ಬಾಯಿಬಿಟ್ಟು ಹೇಳುವುದಿಲ್ಲ. 'ಎದೆ' ಅಂತೀವಿ. ಎದೆನೋವು ಅಂತ ಹೇಳಿದರೆ ಇಸಿಜಿ ಮಾಡಿ ಕಳಿಸುತ್ತಾರೆ. ರಕ್ತ ಕೊಡುವುದಾದರೆ ತೋಳು ಚಾಚಿದರೆ ಮುಗಿಯಿತು. ಸೆರಗು ಸರಿಸಬೇಕಾಗಿಲ್ಲ. ಹಾರ್ಮೋನ್ ಟೆಸ್ಟಿನ ಮೇಲೆ ಇಷ್ಟು ನಂಬಿಕೆ ಬರಲು ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ನಾನು ಅಲ್ಲಿದ್ದ ಮೂರನೇ ದಿನ ಬೆಳಗ್ಗೆ ಆಶಾ ಕಾರ್ಯಕರ್ತೆ ಬಂದರು, ಜೊತೆಗೆ ಉಪಕೇಂದ್ರದ ಸಿಸ್ಟರ್. ಜಗಲಿಯಲ್ಲಿ ಕೂತು ಬಿಪಿ ನೋಡಿದರು, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಚಿಕ್ಕಮ್ಮ ಲ್ಯಾಬ್ ರಿಪೋರ್ಟ್ ತೋರಿಸಿದರು. ಸಿಸ್ಟರ್ ಅದನ್ನು ಒಂದು ಸಲ ನೋಡಿ ಫೋನು ವಾಪಸು ಕೊಟ್ಟು, "ಇದಿರಲಿ ಅಕ್ಕ, ಎದೆ ಪರೀಕ್ಷೆ ಮಾಡ್ಲಾ?" ಅಂದರು.

"ಈಗ್ಲಾ? ಅಡಿಕೆ ಒಲೆ ಮೇಲಿದೆ. ಇನ್ನೊಂದಿನ ಬನ್ನಿ."

"ಹತ್ತು ನಿಮಿಷ ಅಕ್ಕ."

ಚಿಕ್ಕಮ್ಮ ನನ್ನ ಮುಖ ನೋಡಿದರು. ಹಂಡೆಯ ಕಡೆ ನೋಡಿದರು. ಆಮೇಲೆ ಎದ್ದು ಕೈ ತೊಳೆದು, ಸಿಸ್ಟರನ್ನು ಕರೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚೊಗರು ಉಕ್ಕಿ ಬರುತ್ತಿತ್ತು. ನಾನು ಹೋಗಿ ಎರಡು ಕೊಳ್ಳಿ ಹೊರಗೆಳೆದೆ.